ಹಲಸಿನ ಮೇಜಿಗೆ ಯಾವ ಸ್ಯಾಂಡರ್? ಮೂರನ್ನೂ ಓಡಿಸಿ ನೋಡಿದ ಮೇಲೆ

ಐದು ಅಡಿ ಉದ್ದ, ಮೂರು ಅಡಿ ಅಗಲದ ಊಟದ ಮೇಜು. ಹಲಸಿನ ಹಲಗೆಗಳನ್ನು ಅಂಟಿಸಿ ಮಾಡಿದ್ದು. ಅದನ್ನು ಇಡಬೇಕಾಗಿದ್ದು ಕಿಟಕಿಯ ಪಕ್ಕ. ಬೆಳಗಿನ ಬಿಸಿಲು ಓರೆಯಾಗಿ ಬೀಳುವ ಕಡೆ ಸಣ್ಣ ಗೀರು ಕೂಡ ಅಡಗುವುದಿಲ್ಲ, ಪಾಲಿಶ್ ಹಾಕಿದ ಮೇಲಂತೂ ಇನ್ನೂ ಎದ್ದು ಕಾಣುತ್ತದೆ. ಹಾಗಾಗಿ ಮರಳು ಕಾಗದದಿಂದ (ಸ್ಯಾಂಡ್‌ಪೇಪರ್) ಮರ ಉಜ್ಜುವ ಯಂತ್ರಗಳಾದ ಬೆಲ್ಟ್ ಸ್ಯಾಂಡರ್, ಚೌಕ ಪ್ಯಾಡಿನ ಫಿನಿಶಿಂಗ್ ಸ್ಯಾಂಡರ್, ದುಂಡು ಡಿಸ್ಕಿನ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ಮೂರನ್ನೂ ಇದೇ ಮರದ ಮೇಲೆ ಓಡಿಸಿ ನೋಡಿದೆ.

ಬೆಲ್ಟ್ ಸ್ಯಾಂಡರ್ ಕೀಸುವ ಯಂತ್ರ, ನಯ ಮಾಡುವ ಯಂತ್ರವಲ್ಲ. 76 ಮಿ.ಮೀ. ಅಗಲದ, 80 ನಂಬರಿನ ಒರಟು ಬೆಲ್ಟ್ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ಹಾಕಿ ಓಡಿಸಿದರೆ, ಹಲಗೆಗಳ ಜೋಡಣೆಯಲ್ಲಿದ್ದ ಏರುತಗ್ಗು ನೋಡುನೋಡುತ್ತಲೇ ಸಮವಾಯಿತು. ಹಲಸಿನ ನಾರು ಅಲ್ಲಲ್ಲಿ ದಿಕ್ಕು ಬದಲಿಸುವುದರಿಂದ ಕೀಸುಳಿ ಹಾಕಿದಾಗ ಚಕ್ಕೆ ಏಳುತ್ತದೆ. ಅಂಥ ಜಾಗಕ್ಕೆ ಇದು ನಿಜಕ್ಕೂ ಒಳ್ಳೆಯದು. ಆದರೆ ಒಂದು ಕ್ಷಣ ಒಂದೇ ಕಡೆ ನಿಂತರೆ ಅಲ್ಲಿ ಹಳ್ಳ ಬೀಳುತ್ತದೆ. ಮೇಜಿನ ಅಂಚಿಗೆ ಬಂದಾಗ ಯಂತ್ರದ ಅರ್ಧ ಭಾಗ ಆಚೆ ಹೋದರೆ ಮೂತಿ ಬಾಗಿ ಅಂಚು ಇಳಿಜಾರಾಗುತ್ತದೆ. ನಾರಿಗೆ ಅಡ್ಡ ಓಡಿಸಿದರೆ ಉಳಿಯುವ ಗೀರುಗಳನ್ನು ತೆಗೆಯುವುದು ದೊಡ್ಡ ಕೆಲಸ. ಕೈ ಪಳಗಿದವರಿಗೆ ಇದು ವರ. ವರ್ಷಕ್ಕೊಂದು ಮೇಜು ಮಾಡುವವರು ಇದನ್ನು ಕೊಳ್ಳುವುದು ಬೇಡ. ಆಚಾರ್ರ ಬಳಿ ಇದ್ದರೆ ಅಷ್ಟು ಕೆಲಸ ಅವರಿಂದಲೇ ಮಾಡಿಸಿಕೊಳ್ಳಬಹುದು.

ಚೌಕ ಪ್ಯಾಡಿನದು ಮೂರರಲ್ಲಿ ಸೌಮ್ಯ, ಬೆಲೆಯಲ್ಲೂ ಹಗುರ. 9×11 ಇಂಚಿನ ಮಾಮೂಲಿ ಪೇಪರನ್ನು ನಾಲ್ಕಾಗಿ ಹರಿದು ಕ್ಲಿಪ್ಪಿಗೆ ಸಿಕ್ಕಿಸಿದರಾಯಿತು. ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಈ ಪೇಪರ್ ಸಿಗುತ್ತದೆ ಎನ್ನುವುದು ಸಣ್ಣ ಅನುಕೂಲವಲ್ಲ. ಕುರ್ಚಿಯ ಸಂದಿ, ಡ್ರಾಯರಿನ ಒಳಮೂಲೆಗೆ ಇದರ ಚೌಕ ಮೂತಿ ಚೆನ್ನಾಗಿ ಹೊಂದುತ್ತದೆ. ಮೇಜಿನ ಹಲಗೆಯಲ್ಲಿ ಒಳಮೂಲೆ ಎಲ್ಲಿದೆ? ಇದರ ದೊಡ್ಡ ಗುಣವೇ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಪ್ಯಾಡು ತಿರುಗುವುದಿಲ್ಲ, ಇದ್ದಲ್ಲೇ ಸಣ್ಣ ಸುತ್ತು ಹಾಕುತ್ತಾ ಅದುರುತ್ತದೆ. ಒಂದೇ ಅಳತೆಯ ಸುರುಳಿ ಗೀರುಗಳು ಒಂದರ ಪಕ್ಕ ಒಂದು ಉಳಿಯುತ್ತವೆ. ಕೊನೆಗೆ ಕೈಯಿಂದ ನಾರಿನುದ್ದಕ್ಕೂ ಬಹಳ ಹೊತ್ತು ಉಜ್ಜಬೇಕಾಯಿತು. ಪೇಪರ್ ಬಿಗಿಯಾಗಿ ಕೂರದಿದ್ದರೆ ಬೇಗ ಹರಿಯುತ್ತದೆ ಕೂಡ.

ನನ್ನ ಮನಸ್ಸು ಗೆದ್ದದ್ದು 125 ಮಿ.ಮೀ. ಡಿಸ್ಕಿನ ರ‍್ಯಾಂಡಮ್ ಆರ್ಬಿಟ್. ಇದರ ಡಿಸ್ಕು ಅದುರುತ್ತಲೇ ತನ್ನಷ್ಟಕ್ಕೆ ತಿರುಗುತ್ತದೆ. ಎರಡೂ ಚಲನೆ ಸೇರುವುದರಿಂದ ಮರಳಿನ ಕಣ ಹೋದ ದಾರಿಯಲ್ಲೇ ಮತ್ತೆ ಹೋಗುವುದು ಕಡಿಮೆ, ಗೀರು ಸಾಲುಗಟ್ಟುವುದಿಲ್ಲ. ಎರಡು ಹಲಗೆ ಕೂಡುವಲ್ಲಿ ನಾರಿನ ದಿಕ್ಕು ಬೇರೆಯಾದರೂ ಚಿಂತೆಯಿಲ್ಲ. ಆದರೆ ಒತ್ತಬಾರದು. ಯಂತ್ರದ ತೂಕದ ಜೊತೆ ಕೈಯ ಭಾರ ಇಷ್ಟೇ ಸಾಕು. ಜೋರಾಗಿ ಒತ್ತಿದರೆ ತಿರುಗುವುದು ನಿಂತು ಇದೂ ಚೌಕ ಪ್ಯಾಡಿನಂತೆ ಬರೀ ಅದುರುತ್ತದೆ. ಪ್ಯಾಡಿನ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡರೆ ಡಿಸ್ಕು ತಿರುಗುತ್ತಿದೆಯೋ ಇಲ್ಲವೋ ಕಣ್ಣಿಗೇ ಗೊತ್ತಾಗುತ್ತದೆ. ಸೆಕೆಂಡಿಗೆ ಸುಮಾರು ಒಂದು ಇಂಚು ಸರಿಯುವಷ್ಟು ನಿಧಾನವಾಗಿ ಓಡಿಸಬೇಕು. ಅಷ್ಟು ತಾಳ್ಮೆ ಬೇಕೇ ಬೇಕು.

80ರಿಂದ ಶುರು ಮಾಡಿ 120, 180, ಕೊನೆಗೆ 220. ನಡುವಿನ ನಂಬರ್ ಹಾರಿಸಿದರೆ ಹಿಂದಿನ ಗೀರು ಉಳಿದು ಪಾಲಿಶಿನಲ್ಲಿ ಮೇಲೇಳುತ್ತದೆ. ಪ್ರತಿ ನಂಬರಿಗೂ ಮೊದಲು ಹಲಗೆಯ ತುಂಬ ಪೆನ್ಸಿಲಿನಿಂದ ತೆಳುವಾಗಿ ಗೀಚಿ, ಅದು ಪೂರ್ತಿ ಅಳಿಸುವವರೆಗೆ ಓಡಿಸಿದೆ. ಆಮೇಲೆ ಧೂಳು ಒರೆಸಿ, ಟಾರ್ಚನ್ನು ಹಲಗೆಗೆ ಸಮಾನಾಂತರವಾಗಿ ಹಿಡಿದು ನೋಡಿದರೆ ಉಳಿದ ಗೀರು ಸಿಕ್ಕಿಬೀಳುತ್ತದೆ. ಎಣ್ಣೆ ಹಚ್ಚುವುದಿದ್ದರೆ 220ಕ್ಕಿಂತ ಮೇಲೆ ಹೋಗಬೇಡಿ, ಮರ ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ.

ರ‍್ಯಾಂಡಮ್ ಆರ್ಬಿಟ್‌ಗೆ ಖರ್ಚಿನ ಬಾಬತ್ತು ಒಂದಿದೆ. ಪ್ಯಾಡಿಗೆ ಅಂಟಿಕೊಳ್ಳುವ ದುಂಡು ಪೇಪರುಗಳಾದ ವೆಲ್ಕ್ರೋ ಡಿಸ್ಕುಗಳು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಪ್ಯಾಡಿನ ತೂತಿಗೆ ಡಿಸ್ಕಿನ ತೂತು ಹೊಂದಬೇಕು, ಇಲ್ಲದಿದ್ದರೆ ಧೂಳು ಒಳಗೆ ಎಳೆದುಕೊಳ್ಳುವುದೇ ಇಲ್ಲ. ಧೂಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮರದ ಧೂಳು ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲ ಗುಂಪಿಗೆ ಸೇರಿಸಿದೆ. ತೇಗ, ಬೀಟೆಯ ಧೂಳು ಕೆಲವರ ಚರ್ಮಕ್ಕೂ ಆಗಿಬರುವುದಿಲ್ಲ. ಎನ್95 ಮಾಸ್ಕ್ ಹಾಕಿ, ಸಾಧ್ಯವಾದರೆ ವ್ಯಾಕ್ಯೂಮ್ ಕ್ಲೀನರ್ ಪೈಪು ಜೋಡಿಸಿ. ಪೈಪು ಹಾಕಿದಾಗ ಪೇಪರಿನಲ್ಲಿ ಧೂಳು ಕಟ್ಟಿಕೊಳ್ಳುವುದೂ ಕಡಿಮೆ.

ಲೋಹ ಕತ್ತರಿಸಿ ಉಜ್ಜುವ ಆಂಗಲ್ ಗ್ರೈಂಡರಿಗೆ ಸ್ಯಾಂಡಿಂಗ್ ಡಿಸ್ಕ್ ಸಿಕ್ಕಿಸಿ ಮುಗಿಸಿಬಿಡಬಹುದಲ್ಲ ಎಂದು ಹಲವರು ಕೇಳುತ್ತಾರೆ. ದೊಡ್ಡ ಸಮತಟ್ಟು ಹಲಗೆಗೆ ಖಂಡಿತ ಬೇಡ. ಅದರ ವೇಗಕ್ಕೆ ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬೀಳುತ್ತದೆ, ಸುಟ್ಟ ಕಲೆಯೂ ಕೂರುತ್ತದೆ.

ಮೇಜು ಪೂರ್ತಿ ಮರದ್ದೇ ಆದರೆ ರ‍್ಯಾಂಡಮ್ ಆರ್ಬಿಟ್ ಒಂದೇ ಕೊಳ್ಳಿ, ಉಳಿದ ಹಣಕ್ಕೆ ಒಳ್ಳೆಯ ಡಿಸ್ಕು ತನ್ನಿ. ಪ್ಲೈವುಡ್ ಮೇಲೆ ವಿನೀರ್ (ಮರದ ತೆಳು ಪದರ) ಅಂಟಿಸಿದ ಮೇಜಾದರೆ ಬೆಲ್ಟ್ ಸ್ಯಾಂಡರನ್ನು ಹತ್ತಿರಕ್ಕೂ ತರಬೇಡಿ. ಆ ಪದರ ಅರ್ಧ ಮಿಲಿಮೀಟರಿನಷ್ಟೇ ಇರಬಹುದು, ಒಮ್ಮೆ ಸವೆದು ಪ್ಲೈವುಡ್ ಕಂಡರೆ ತಿದ್ದಲಾಗುವುದಿಲ್ಲ. ಅಲ್ಲಿ ರ‍್ಯಾಂಡಮ್ ಆರ್ಬಿಟ್ ಕೂಡ 180ರಿಂದಲೇ, ಕಡಿಮೆ ವೇಗದಲ್ಲಿ. ಅಂಚುಗಳನ್ನು ಮಾತ್ರ ಮರದ ತುಂಡಿಗೆ ಪೇಪರ್ ಸುತ್ತಿ ಕೈಯಲ್ಲೇ ಉಜ್ಜಿ.