ಫ್ರೇಮಿಗೆ ಐದು ಸ್ಟಾರ್, ಪ್ರಿಂಟಿಗೆ ಎರಡೇ

ಒಬ್ಬ ಬ್ರಿಟಿಷ್ ಸೇನಾಪತಿಯ ಹಳೆಯ ವರ್ಣಚಿತ್ರವನ್ನು ಕ್ಯಾನ್ವಾಸ್ ಮೇಲೆ ಪ್ರಿಂಟ್ ತೆಗೆಸಿ ಫ್ರೇಮ್ ಹಾಕಿಸಿದೆ. ಅಂಗಡಿ ಹುಬ್ಬಳ್ಳಿಯದು. ಹೆಸರು ಹೇಳುವುದಿಲ್ಲ, ಎರಡನೇ ಸಲ ಸರಿಯಾಗಿ ಮಾಡಿಕೊಟ್ಟಿದ್ದಾರೆ.

ನಮ್ಮೂರು ಗದಗ ಹತ್ತಿರದ ಡಂಬಳ. 1800ರ ಜುಲೈನಲ್ಲಿ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಬ್ರಿಟಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿ ನಮ್ಮೂರ ಕೋಟೆಗೆ ಲಗ್ಗೆ ಹಾಕಿ ಹಿಡಿದ. ಅವನಿಗಾಗ 31 ವರ್ಷ. ಮುಂದೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ. "ಊರ ಕ್ವಾಟಿ ಒಡದಾವನ ಫೋಟೋ ಮನ್ಯಾಗ ಯಾಕೋ?" ಎಂದು ಅವ್ವ ಕೇಳಿದಳು.

ಆ ಮುಖಕ್ಕಾಗಿ. ಆ ಕಾಲದ ಸೇನಾಪತಿಗಳ ಚಿತ್ರ ಎಂದರೆ ಕುದುರೆ, ಹೊಗೆ, ಎತ್ತಿದ ಕತ್ತಿ. ಸ್ಪೇನಿನ ಚಿತ್ರಕಾರ ಗೋಯಾ 1812ರಲ್ಲಿ ಬರೆದ ಇವನ ಚಿತ್ರದಲ್ಲಿ ಅದ್ಯಾವುದೂ ಇಲ್ಲ. ಹಿಂದೆ ಕತ್ತಲು, ಕೆಂಪು ಕೋಟು, ಎದೆ ತುಂಬ ಪದಕ. ಕಣ್ಣು ಅಗಲ, ಬಾಯಿ ಚೂರು ತೆರೆದು ಮೇಲಿನ ಹಲ್ಲು ಕಾಣುತ್ತದೆ. ಸಲಮಾಂಕಾ ಯುದ್ಧ ಗೆದ್ದು ಮ್ಯಾಡ್ರಿಡ್ಡಿಗೆ ಬಂದವನ ಮುಖದಲ್ಲಿ ಗೆಲುವಿಗಿಂತ ನಿದ್ದೆಗೆಟ್ಟ ಲಕ್ಷಣವೇ ಹೆಚ್ಚು. ಹೊಸ ಗೌರವಗಳು ಬಂದಂತೆ 1814ರಲ್ಲಿ ಪದಕಗಳನ್ನು ಗೋಯಾ ಮತ್ತೆ ತಿದ್ದಿದ.

ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಎತ್ತರ 25 ಇಂಚು, ಅಗಲ 20ರ ಮೇಲೆ ಸ್ವಲ್ಪ. ಅದೇ ಅಳತೆ ಬೇಕೆಂದೆ. "20-24 ಸ್ಟ್ಯಾಂಡರ್ಡ್ ಐತ್ರಿ ಸರ, ಅದ್ರಾಗ ಕೂಡಸ್ತೀನಿ" ಎಂದರು. ಹಟ ಹಿಡಿದ ಮೇಲೆ ಒಪ್ಪಿದರು.

ನಾಲ್ಕು ದಿನಕ್ಕೆ ಹೋಗಿ ಕಾಗದ ಬಿಚ್ಚಿದರೆ ಒಳಗೆ ಮದುಮಗ! ಗಲ್ಲ ನುಣುಪು, ಕಣ್ಣ ಕೆಳಗಿನ ನೆರಳು ಮಾಯ, ಹಲ್ಲು ಟೂತ್‌ಪೇಸ್ಟ್ ಜಾಹೀರಾತಿನದು. ಗೋಯಾ ಪದಕಗಳನ್ನು ಬಣ್ಣದ ಮುದ್ದೆ ಒತ್ತಿದ ಹಾಗೆ ಬರೆದಿದ್ದಾನೆ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಅವೇ ಮಿನುಗುತ್ತವೆ. ಇಲ್ಲಿ ಅಂಚು ಚೂಪು ಮಾಡಿ ಸೋಡಾ ಬಾಟಲಿ ಮುಚ್ಚಳ ಮಾಡಿಟ್ಟಿದ್ದರು. ದಿನವಿಡೀ ಮದುವೆ ಆಲ್ಬಮ್ ಮಾಡುವ ಕಂಪ್ಯೂಟರ್ ಹುಡುಗ, "ಮಾರಿ ಭಾಳ ದಣದಂಗ ಕಾಣ್ತಿತ್ರಿ ಸರ, ಕ್ಲೀನ್ ಮಾಡೇನಿ" ಎಂದ. ನಾನು ರೊಕ್ಕ ಕೊಟ್ಟದ್ದೇ ಆ ದಣಿವಿಗೆ.

ಮಾಲೀಕರು ವಾದಕ್ಕಿಳಿಯಲಿಲ್ಲ. ಎರಡನೇ ಪ್ರಿಂಟಿಗೆ ಅರ್ಧ ದುಡ್ಡು ತೆಗೆದುಕೊಂಡರು. ಹಿಂದಿನ ಕಪ್ಪು ಈಗಲೂ ಚೂರು ನೀಲಿಗೆ ತಿರುಗಿದೆ, ಅದೊಂದು ಕೊರಗು. ಫ್ರೇಮ್ ಮಾತ್ರ ಅದ್ಭುತ. ಸಾಗವಾನಿ ಪಟ್ಟಿ, ನಾಲ್ಕೂ ಮೂಲೆಯ ಮೇಲೆ ಉಗುರು ಆಡಿಸಿದೆ, ಎಲ್ಲೂ ಸಿಕ್ಕಲಿಲ್ಲ. ಕ್ಯಾನ್ವಾಸಿಗೆ ಗಾಜು ಬೇಡವೆಂದು ಅವರೇ ಹೇಳಿದರು. ಎಲ್ಲ ಸೇರಿ 2,400 ರೂಪಾಯಿ. ಹೋಗುವವರು "ಮಾರಿ ಮುಟ್ಟಬ್ಯಾಡ್ರಿ" ಎಂದು ಬಿಲ್ಲಿನ ಮೇಲೇ ಬರೆಸಿ.

ಈಗ ಪಡಸಾಲೆಯಲ್ಲಿದೆ, ಅವ್ವನ ಕುರ್ಚಿಯ ಬೆನ್ನ ಹಿಂದಿನ ಗೋಡೆಗೆ. ಎದುರಿಗೆ ಹಾಕಲು ಬಿಡಲಿಲ್ಲ.