ಬಾಡಿಗೆ ಕ್ಯಾಂಪರ್‌ವ್ಯಾನ್: ಎಲ್ಲದಕ್ಕೂ ಸೈ, ಪಕ್ಕದ ಬಾಗಿಲಿಗೆ ಮಾತ್ರ ದೊಡ್ಡ ನಮಸ್ಕಾರ

ಹೀಟರ್, ಫ್ರಿಜ್, ಸೋಲಾರ್ ವಿವರವೆಲ್ಲ ಜಾಹೀರಾತಿನಲ್ಲೇ ಇದೆ, ಅಲ್ಲೇ ನೋಡಿಕೊಳ್ಳಿ. ನನ್ನ ತಕರಾರು ಪಕ್ಕದ ಸ್ಲೈಡಿಂಗ್ ಬಾಗಿಲಿನದು. ಮೆಲ್ಲಗೆ ಎಳೆದರೆ ಇನ್ನೆರಡು ಇಂಚು ಇರುವಾಗಲೇ ನಿಂತುಬಿಡುತ್ತದೆ. ಮೈಯ ಬಲವೆಲ್ಲ ಹಾಕಿ ಎಳೆದರೆ ಅಂಗಡಿ ಷಟರ್ ಬಿದ್ದ ಹಾಗೆ ಧಡಾರ್!

ಬೀಚಿಗೆ ಹೋಗುವವರಿಗೆ ಇದೇನು ಮಹಾ. ನಾನು ಪ್ರತಿ ವಸಂತದಲ್ಲಿ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್‌ನಿಂದ ಈ ವ್ಯಾನ್ ತೆಗೆದುಕೊಂಡು ಒಬ್ಬನೇ ಹೋಗುವುದು ಮೊದಲ ಮಹಾಯುದ್ಧದ ರಣಭೂಮಿಗಳಿಗೆ, ಸೈನಿಕರ ಸ್ಮಶಾನಗಳಿಗೆ. ಬೆಲ್ಜಿಯಮ್ಮಿನ ಲಾಂಗೆಮಾರ್ಕ್‌ನ ಜರ್ಮನ್ ಸ್ಮಶಾನದಲ್ಲಿ 44,000ಕ್ಕೂ ಹೆಚ್ಚು ಜನ ಮಲಗಿದ್ದಾರೆ, ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಗುಂಡಿಯಲ್ಲಿ. ಓಕ್ ಮರಗಳ ನೆರಳು, ನೆಲಕ್ಕೊರಗಿದ ಕಲ್ಲುಗಳು, ಬಂದವರು ಪಿಸುಮಾತಲ್ಲಿ ಮಾತಾಡುವ ಜಾಗ. ಅಲ್ಲಿ ಈ ಬಾಗಿಲು ಹಾಕಿದರೆ ಇದ್ದವರೆಲ್ಲ ಒಟ್ಟಿಗೆ ತಿರುಗಿ ನೋಡುತ್ತಾರೆ. ಬಾಡಿಗೆಯವರನ್ನು ಕೇಳಿದರೆ 'ಈ ಮಾದರಿಯೇ ಹಾಗೆ' ಅಂತಾರೆ. ಹಳಿಗೆ ಎಣ್ಣೆ ಬಿಟ್ಟೆ, ಗ್ರೀಸ್ ಹಚ್ಚಿದೆ, ಏನೂ ಪ್ರಯೋಜನವಾಗಲಿಲ್ಲ. ಈಗ ಬೇಕಾದದ್ದನ್ನೆಲ್ಲ ಮೊದಲೇ ಮುಂದಿನ ಸೀಟಿಗೆ ತಂದಿಟ್ಟುಕೊಂಡು ಡ್ರೈವರ್ ಬಾಗಿಲಿಂದಲೇ ಇಳಿಯುತ್ತೇನೆ.

ಹಾಗಾದರೆ ಮತ್ತೆ ಮತ್ತೆ ಇದನ್ನೇ ಯಾಕೆ ತೆಗೆದುಕೊಳ್ಳುತ್ತೀಯ ಅನ್ನಬಹುದು. ಇದರ ಗಾತ್ರಕ್ಕೆ. ಮೇಲ್ಛಾವಣಿ ಮಡಚಿದರೆ ಎತ್ತರ ಎರಡು ಮೀಟರಿನೊಳಗೆ, ಫ್ರಾನ್ಸಿನ ಪಾರ್ಕಿಂಗ್‌ಗಳಲ್ಲಿ ಅಡ್ಡ ಹಾಕಿರುವ ಕಂಬಿಯ ಕೆಳಗೆ ಸಲೀಸಾಗಿ ನುಸುಳುತ್ತದೆ. ಬ್ರಿಟಿಷ್ ಕಡೆಯವರ ಎಷ್ಟೋ ಸಣ್ಣ ಸ್ಮಶಾನಗಳು ಸೈನಿಕರು ಸತ್ತ ಜಾಗದ ಆಸುಪಾಸಲ್ಲೇ, ಗೋಧಿ, ಬೀಟ್ ಹೊಲಗಳ ನಡುವೆ ಉಳಿದಿವೆ. ಅಲ್ಲಿಗೆ ಇರುವುದು ಟ್ರ್ಯಾಕ್ಟರ್ ದಾರಿ. ದೊಡ್ಡ ಮೋಟರ್‌ಹೋಮಿನವರು ಬೆಲ್ಜಿಯಮ್ಮಿನ ದೊಡ್ಡ ಬ್ರಿಟಿಷ್ ಸ್ಮಶಾನ ಟೈನ್ ಕಾಟ್‌ನ ಪಾರ್ಕಿಂಗಿಗೆ ಬಂದು, ಹತ್ತಿರ ಹತ್ತಿರ 12,000 ಸಮಾಧಿ ನೋಡಿ (ಅದರಲ್ಲಿ 8,300ಕ್ಕೂ ಹೆಚ್ಚಕ್ಕೆ ಹೆಸರೇ ಇಲ್ಲ) ತಿರುಗಿ ಹೋಗುತ್ತಾರೆ. ನಾನು ಹೊಲದ ಅಂಚಿನವರೆಗೂ ಹೋಗುತ್ತೇನೆ. ಆದರೆ ಚಕ್ರ ಹೊಲಕ್ಕಿಳಿಸಬೇಡಿ. ಉಳುವಾಗ ಇನ್ನೂ ಸಿಡಿಯದ ಷೆಲ್‌ಗಳು ಸಿಗುತ್ತವೆ, ರೈತರು ರಸ್ತೆ ಬದಿಯಲ್ಲಿಟ್ಟು ಸೇನೆಯವರು ಬಂದು ಒಯ್ಯಲಿ ಅಂತ ಕಾಯುತ್ತಾರೆ.

ಇನ್ನು ಕಾಫಿ. ರಾತ್ರಿ ಮಲಗುವ ಮೊದಲು ಸ್ಟೀಲ್ ಫಿಲ್ಟರಿಗೆ ಪುಡಿ ಒತ್ತಿ ನೀರು ಹಾಕಿಡುತ್ತೇನೆ. ವ್ಯಾನ್ ವಾಲಿ ನಿಂತಿದ್ದರೆ ನೀರು ಒಂದೇ ಕಡೆ ಇಳಿದು ಡಿಕಾಕ್ಷನ್ ತೆಳ್ಳಗಾಗುತ್ತದೆ, ಹಾಗಾಗಿ ಚಕ್ರದಡಿ ಅಡ್ಡಕಟ್ಟೆ ಕೊಟ್ಟು, ಅಡುಗೆ ಕಟ್ಟೆಯ ಮೇಲೆ ಲೋಟದಲ್ಲಿ ನೀರಿಟ್ಟು ಸಮ ನೋಡಿದ ಮೇಲೇ ನನ್ನ ನಿದ್ದೆ. ಬೆಳಿಗ್ಗೆ ಒಂದು ಒಲೆಯಲ್ಲಿ ಹಾಲು, ಇನ್ನೊಂದರಲ್ಲಿ ಉಪ್ಪಿಟ್ಟು. ಶಾಲಾ ಮಕ್ಕಳ ಬಸ್ಸು ಬರುವುದರೊಳಗೆ ಸ್ಮಶಾನದ ಗೇಟಿನಲ್ಲಿರುತ್ತೇನೆ. ಗೋಡೆಯ ಪುಟ್ಟ ಲೋಹದ ಬಾಗಿಲು ತೆಗೆದರೆ ಒಳಗೆ ಹೆಸರುಗಳ ಪುಸ್ತಕ. ಅದನ್ನು ಓದುತ್ತಾ ಕೂತರೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ. (ಆ ಬಾಗಿಲು ಸದ್ದೇ ಮಾಡುವುದಿಲ್ಲ, ನೋಡಿ!)

ಎಷ್ಟು ಸಲ ಬಂದರೂ ತಪ್ಪಿಸದ ಜಾಗ ಫ್ರಾನ್ಸಿನ ನವ್ ಶಪೆಲ್. 1915ರ ಮಾರ್ಚ್ 10ರಿಂದ 13ರವರೆಗೆ ಭಾರತೀಯ ಪಡೆಗಳು ಇಲ್ಲಿ ಕಾದಾಡಿದವು. 1927ರಲ್ಲಿ ಉದ್ಘಾಟನೆಯಾದ ಹರ್ಬರ್ಟ್ ಬೇಕರ್ ವಿನ್ಯಾಸದ ಸ್ಮಾರಕದಲ್ಲಿ, ಸಮಾಧಿ ಎಲ್ಲಿದೆಯೆಂದೇ ತಿಳಿಯದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರ, ಕೂಲಿಗಳ ಹೆಸರಿವೆ. ನಡುವೆ ಕಮಲದ ತಲೆಯ ಎತ್ತರದ ಕಂಬ, ಅದರ ಬುಡದಲ್ಲಿ ಎರಡು ಕಲ್ಲಿನ ಹುಲಿ. ನಮ್ಮ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಹೆಸರು ಇಲ್ಲಿ ಹುಡುಕಬೇಡಿ. ಅವರು ಕಾದಿದ್ದು ಈಜಿಪ್ಟ್, ಪ್ಯಾಲೆಸ್ಟೀನ್ ಕಡೆ, 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದವರಲ್ಲಿ ಅವರೂ ಇದ್ದರು. ಆದರೂ ನಾನು ಸಾಲು ಸಾಲಾಗಿ ಓದುತ್ತೇನೆ. ಮಧ್ಯಾಹ್ನದ ಚಿತ್ರಾನ್ನ ಅಲ್ಲೇ, ವ್ಯಾನಿನಲ್ಲಿ ಕೂತು.

ಖರ್ಚು: ಬಾಡಿಗೆ ಕಮ್ಮಿಯೇನಲ್ಲ, ಕಿಲೋಮೀಟರ್ ಮಿತಿ ಬೇರೆ. ಬೆಲ್ಜಿಯಮ್ಮಿನ ಈಪರ್ ಊರಲ್ಲೇ ಮೂರು ರಾತ್ರಿ ತಂಗಿದರೆ ಓಟ ಉಳಿಯುತ್ತದೆ, ಅಲ್ಲಿನ ಸ್ಮಾರಕ ದ್ವಾರ ಮೆನಿನ್ ಗೇಟ್‌ನಲ್ಲಿ ಸತ್ತ ಸೈನಿಕರ ನೆನಪಿಗೆ ಸಂಜೆ ಎಂಟಕ್ಕೆ ಬ್ಯೂಗಲ್‌ನಲ್ಲಿ ಊದುವ ಲಾಸ್ಟ್ ಪೋಸ್ಟ್‌ಗೆ ನಡೆದೇ ಹೋಗಬಹುದು. ಫ್ರಾನ್ಸಿನಲ್ಲಿ ಊರಿನವರೇ ಕ್ಯಾಂಪರ್‌ಗಳಿಗೆ ಮಾಡಿಟ್ಟ 'ಏರ್'ಗಳಲ್ಲಿ ಮಲಗಿದರೆ ಕ್ಯಾಂಪಿಂಗ್ ದುಡ್ಡು ಉಳಿಯುತ್ತದೆ. ಐದಕ್ಕೆ ಮೂರೂವರೆ ಸ್ಟಾರ್. ಒಬ್ಬರಿಗಾದರೆ ಕಣ್ಣು ಮುಚ್ಚಿ ಬುಕ್ ಮಾಡಿ. ಇಬ್ಬರು, ಅದರಲ್ಲೂ ಆರಡಿಯವರು, ಬೇರೆ ವ್ಯಾನ್ ನೋಡಿಕೊಳ್ಳಿ.