ಅಡಿಕೆ ಬುಡಕ್ಕೆ ಚಿಪ್ಪು ಸುಣ್ಣವೋ, ಡೋಲೊಮೈಟೋ, ಬರೀ ಸೊಪ್ಪೋ? ಹಾಕಿ ನೋಡಿದ ಮೇಲೆ ಬರೆದದ್ದು

ಸಿದ್ದಾಪುರ ಕಡೆಯ ಅಡಿಕೆ ತೋಟ ನಮ್ಮದು. ಕೆಂಪು ಜಂಬಿಟ್ಟಿಗೆ ಮಣ್ಣು, ಜೂನ್ ಹಿಡಿದರೆ ಬಿಡುವಿಲ್ಲದ ಮಳೆ. ಇಂಥ ಕಡೆ ಮಣ್ಣು ಹುಳಿಯಾಗಿರುವುದು ಹೊಸದಲ್ಲ. ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಮಳೆನೀರಿನ ಜೊತೆ ಇಳಿದು ಹೋಗುತ್ತವೆ. ಕಬ್ಬಿಣ, ಅಲ್ಯುಮಿನಿಯಂ ಮಾತ್ರ ಅಲ್ಲೇ ಕೂರುತ್ತವೆ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಪಿಎಚ್ (ಹುಳಿಯ ಅಳತೆ) 5.1 ಅಂತ ಬಂತು. 7 ಅಂದರೆ ಸಮ. ಅಲ್ಲಿಂದ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು, ಎರಡು ಇಳಿದರೆ ನೂರು ಪಟ್ಟು. 5.5ರ ಕೆಳಗೆ ಹೋದರೆ ಅಲ್ಯುಮಿನಿಯಂ ಕರಗಿ ಬೇರಿನ ತುದಿಯನ್ನು ಮೊಂಡು ಮಾಡುತ್ತದೆ. ದುಡ್ಡು ಕೊಟ್ಟು ಹಾಕಿದ ರಂಜಕವೂ ಮಣ್ಣಿಗೇ ಅಂಟಿಕೊಂಡು ಮರಕ್ಕೆ ಸಿಗುವುದಿಲ್ಲ.

ಈ ಹುಳಿ ಇಳಿಸಲು ಸುಣ್ಣ ಬೇಕು ಅನ್ನುವುದರಲ್ಲಿ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ತಲೆಬಿಸಿ ಇರುವುದು ಯಾವುದು ಅನ್ನುವುದರಲ್ಲಿ. ಅಂಗಡಿಯವರು ಡೋಲೊಮೈಟ್ ಚೀಲ ತೋರಿಸುತ್ತಾರೆ, ಅಂದರೆ ಮೆಗ್ನೀಸಿಯಂ ಸೇರಿದ, ಸುಣ್ಣಕಲ್ಲಿನ ಜಾತಿಯ ಕಲ್ಲಿನ ಪುಡಿ. ಪಕ್ಕದ ತೋಟದ ಭಾವ, "ಸುಣ್ಣ ಅಂದ್ರೆ ಕೈ ಸುಡಬೇಕು ಮಾರಾಯ, ಆ ಬೂದು ಪುಡಿ ಏನು ಮಾಡ್ತದೆ?" ಅನ್ನುತ್ತಾರೆ. ಸಾವಯವದ ಗೆಳೆಯರು ಸೊಪ್ಪು, ಗೊಬ್ಬರ ಇದ್ದರೆ ಸುಣ್ಣದ ಹಂಗೇ ಬೇಡ ಅನ್ನುತ್ತಾರೆ. ಮೂವರದ್ದೂ ಕೇಳಿ, ತೋಟದಲ್ಲಿ ಬೇರೆ ಬೇರೆ ಸಾಲುಗಳಿಗೆ ಬಣ್ಣದ ಗುರುತು ಹಾಕಿ, ಒಂದೊಂದಕ್ಕೆ ಒಂದೊಂದು ಹಾಕುತ್ತಾ ಬಂದೆ. ಪ್ರಮಾಣ ಮಾತ್ರ ಎಲ್ಲ ಸುಣ್ಣಕ್ಕೂ ಒಂದೇ: ಮರಕ್ಕೆ ಅರ್ಧ ಕಿಲೋ.

ಮೊದಲು ಚಿಪ್ಪು ಸುಣ್ಣ. ಅಘನಾಶಿನಿ ಅಳಿವೆಯಂಥ ಕಡೆ ಸಿಗುವ ಚಿಪ್ಪನ್ನು ಸುಟ್ಟು ಮಾಡುವುದು. ಸುಟ್ಟ ಚಿಪ್ಪನ್ನು ಅಂಗಳದ ಮೂಲೆಯಲ್ಲಿ ರಾಶಿ ಹಾಕಿ ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಚಿಟಿಚಿಟಿ ಸದ್ದು ಶುರು. ಹಬೆ ಏಳುತ್ತದೆ, ಚಿಪ್ಪಿನ ಗೆರೆಗಳ ಗುಂಟ ಬಿರುಕು ಬಿಡುತ್ತದೆ, ರಾಶಿ ಉಬ್ಬಿ ಬಿಳಿ ಹಿಟ್ಟಾಗಿ ಕುಸಿಯುತ್ತದೆ. ಹತ್ತಿರ ನಿಂತು ನೋಡಬೇಡಿ, ಕಣ್ಣಿಗೆ ಹಾರಿದರೆ ಕಷ್ಟ. ಹೀಗೆ ಅರಳಿದ ಸುಣ್ಣಕ್ಕೆ ಹುಳಿ ಕೊಲ್ಲುವ ಶಕ್ತಿ ಜಾಸ್ತಿ. ಶುದ್ಧ ಸುಣ್ಣಕಲ್ಲಿನ ಪುಡಿಯ ಶಕ್ತಿ 100 ಅಂತ ಇಟ್ಟುಕೊಂಡರೆ ಅರಳಿದ ಸುಣ್ಣದ್ದು ಸುಮಾರು 135. ಡೋಲೊಮೈಟಿನದ್ದು 109ರ ಒಳಗೆ. ಭಾವನ ಮಾತಿನಲ್ಲಿ ಸುಳ್ಳೇನಿಲ್ಲ.

ಕೆಲಸವೂ ಬೇಗ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಆ ಸಾಲಿನ ಮೇಲ್ಮಣ್ಣಿನ ಪಿಎಚ್ ಎಲ್ಲಕ್ಕಿಂತ ಮುಂದಿತ್ತು. ಆದರೆ ಮಾರನೇ ವರ್ಷ ನೋಡಿದರೆ ಹತ್ತಿದ್ದರಲ್ಲಿ ಅರ್ಧದಷ್ಟು ಇಳಿದಿತ್ತು. ಬೇಗ ಕರಗುವುದು ಬೇಗ ಹೋಗುವುದೂ ಹೌದು. ಇನ್ನೊಂದು ತಕರಾರು, ಅದನ್ನು ಸಮನಾಗಿ ಹರಡುವುದು ಕಷ್ಟ. ಗಾಳಿಗೆ ಮುಖಕ್ಕೇ ಬರುತ್ತದೆ. ಒದ್ದೆ ಮಣ್ಣಿನ ಮೇಲೆ ಗಟ್ಟಿಯಾಗಿ ಬಿದ್ದ ಕಡೆ ಹೆಪ್ಪುಗಟ್ಟಿ ಬಿಳಿ ಹಕ್ಕಳೆಯಾಗುತ್ತದೆ. ಕೆಲಸಕ್ಕೆ ಬರುವವರಂತೂ ಈ ಕೆಲಸ ಅಂದರೆ ಮುಖ ಸಿಂಡರಿಸುತ್ತಾರೆ. ಅವರನ್ನು ದೂರಿ ಏನು ಪ್ರಯೋಜನ, ಸಂಜೆಗೆ ಕೈ ಬಿರಿದು ಉರಿಯುವುದು ಅವರಿಗೇ ಅಲ್ವಾ.

ಡೋಲೊಮೈಟ್ ಸೌಮ್ಯ. ಕೈ ಸುಡುವುದಿಲ್ಲ, ಎರಚಲು ಸುಲಭ, ಕಿಲೋ ಲೆಕ್ಕದಲ್ಲಿ ನಮ್ಮಲ್ಲಿ ಚಿಪ್ಪು ಸುಣ್ಣಕ್ಕಿಂತ ಅಗ್ಗ. ಕ್ಯಾಲ್ಸಿಯಂ ಜೊತೆ ಮೆಗ್ನೀಸಿಯಂ ಇರುವುದು ಇದರ ದೊಡ್ಡ ಲಾಭ. ನಮ್ಮ ತೋಟದಲ್ಲಿ ಕೆಳಗಿನ ಹಳೇ ಸೋಗೆಗಳು ಅಂಚಿನಿಂದ ಹಳದಿಯಾಗಿ, ನಡುವಿನ ದಿಂಡಿನ ಪಕ್ಕ ಮಾತ್ರ ಹಸಿರು ಉಳಿಯುತ್ತಿತ್ತು. ಅದು ಮೆಗ್ನೀಸಿಯಂ ಕೊರತೆಯ ಗುರುತು. ಅಡಿಕೆಗೆ ಪೊಟ್ಯಾಷ್ ಜಾಸ್ತಿ ಹಾಕುತ್ತೇವೆ, ಅದು ಮೆಗ್ನೀಸಿಯಂ ಒಳಹೋಗದಂತೆ ಅಡ್ಡಗಟ್ಟುತ್ತದೆ. ಡೋಲೊಮೈಟ್ ಹಾಕಿದ ಸಾಲಿನಲ್ಲಿ ಆ ಹಳದಿ ಕಡಿಮೆಯಾಯಿತು. ಚಿಪ್ಪು ಸುಣ್ಣದ ಸಾಲಿನಲ್ಲಿ ಆಗಲಿಲ್ಲ. (ಶೃಂಗೇರಿ, ಕೊಪ್ಪ ಕಡೆಯ ಹಳದಿ ಎಲೆ ರೋಗ ಬೇರೆಯೇ. ಅದು ಸುಣ್ಣಕ್ಕೆ ಬಗ್ಗುವುದಲ್ಲ.)

ಆದರೆ ಡೋಲೊಮೈಟ್ ನಿಧಾನ. ಎಷ್ಟು ನಿಧಾನ ಅನ್ನುವುದು ಪುಡಿ ಎಷ್ಟು ನುಣುಪು ಅನ್ನುವುದರ ಮೇಲೆ. ಒಂದು ಸಲ ತಂದ ಚೀಲದಲ್ಲಿ ಅರ್ಧ ರವೆಯಂತೆ ತರಿ ಇತ್ತು. ವರ್ಷ ಕಳೆದು ಬುಡ ಕೆದಕಿದರೆ ಆ ತರಿ ಹಾಗೇ ಸಿಕ್ಕಿತು. ಈಗ ಚೀಲ ಬಿಚ್ಚಿಸಿ ಎರಡು ಬೆರಳಲ್ಲಿ ಉಜ್ಜಿ ನೋಡದೆ ತರುವುದಿಲ್ಲ. ಗೋಧಿ ಹಿಟ್ಟಿನ ಹಾಗೆ ಬೆರಳ ಗೆರೆಗೆ ಅಂಟಬೇಕು. ಕೆಲವರು ನಿಂಬೆರಸ ಹಿಂಡಿ ನೊರೆ ಬರದಿದ್ದರೆ ನಕಲಿ ಅನ್ನುತ್ತಾರೆ. ಆ ಪರೀಕ್ಷೆ ಸುಣ್ಣಕಲ್ಲಿನ ಪುಡಿಗೆ ಸರಿ. ಡೋಲೊಮೈಟ್ ನಿಂಬೆಹುಳಿಗೆ ಅಷ್ಟು ಸುಲಭಕ್ಕೆ ನೊರೆ ಬಿಡುವುದಿಲ್ಲ.

ಇಲ್ಲಿ ಯೂರಿಯಾದ ಲೆಕ್ಕ ಒಂದು ಹೇಳಲೇಬೇಕು. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸಿನಂತೆ ಫಸಲು ಕೊಡುವ ಅಡಿಕೆ ಮರಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140. ಜೊತೆಗೆ 12 ಕಿಲೋ ಹಸಿರು ಸೊಪ್ಪು, 12 ಕಿಲೋ ಗೊಬ್ಬರ. ಆ 100 ಗ್ರಾಂ ಸಾರಜನಕವನ್ನು ಯೂರಿಯಾದಿಂದಲೇ ಕೊಟ್ಟರೆ ಅದು ಹುಟ್ಟಿಸುವ ಹುಳಿಯನ್ನು ಸರಿಮಾಡಲು ಸುಮಾರು 175 ಗ್ರಾಂ ಸುಣ್ಣಕಲ್ಲಿನ ಪುಡಿ ಬೇಕು. ಅಂದರೆ ಮೂರು ವರ್ಷಕ್ಕೊಮ್ಮೆ ಹಾಕುವ ಅರ್ಧ ಕಿಲೋ ಸುಣ್ಣ ಯೂರಿಯಾದ ಸಾಲ ತೀರಿಸುವುದಕ್ಕೇ ಸರಿಹೋಯಿತು. ಮಳೆ ತೊಳೆದದ್ದಕ್ಕೆ ಏನೂ ಉಳಿಯಲಿಲ್ಲ. ಅಮೋನಿಯಂ ಸಲ್ಫೇಟ್ ಹಾಕುವವರ ಕಥೆ ಇನ್ನೂ ಕಷ್ಟ. ಅಷ್ಟೇ ಸಾರಜನಕಕ್ಕೆ ಅಲ್ಲಿ ಒಂದೇ ವರ್ಷಕ್ಕೆ ಅರ್ಧ ಕಿಲೋ ಮೀರಿ ಸುಣ್ಣ ಬೇಕು. "ಸುಣ್ಣ ಹಾಕಿದ್ದೆ, ಏನೂ ಆಗ್ಲಿಲ್ಲ" ಅನ್ನುವವರ ತೋಟದಲ್ಲಿ ಯಾವ ಗೊಬ್ಬರ ಹಾಕುತ್ತಾರೆ ಅಂತ ಮೊದಲು ಕೇಳಬೇಕು.

ಸೊಪ್ಪಿನ ಸಾಲಿನ ಫಲ ನನಗೆ ಆಶ್ಚರ್ಯ ತಂದಿತು. ಉತ್ತರ ಕನ್ನಡದ ತೋಟಗಳಿಗೆ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡಿನ) ಹಕ್ಕು ಇದೆ, ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ. ಬೆಟ್ಟದ ಸೊಪ್ಪು, ದರಕು (ಒಣಗಿ ಉದುರಿದ ಎಲೆ), ಕೊಟ್ಟಿಗೆ ಗೊಬ್ಬರ ಮಾತ್ರ ಹಾಕಿದ ಸಾಲಿನಲ್ಲಿ ಪಿಎಚ್ ಹೆಚ್ಚು ಕಮ್ಮಿ ಇದ್ದಲ್ಲೇ ಇತ್ತು. ಚೀಟಿ ನೋಡಿದರೆ ಸೋತ ಹಾಗೆ. ಆದರೆ ಗುದ್ದಲಿ ಹಾಕಿ ನೋಡಿದರೆ ಬೇರೆಯೇ ಕಥೆ. ಅರೆ ಕೊಳೆತ ಎಲೆಗಳನ್ನು ಕೈಯಲ್ಲಿ ಸರಿಸಿದರೆ ಕೆಳಗೆ ಕಪ್ಪು ಮಣ್ಣು, ಅದರಲ್ಲಿ ಎಲೆಯ ಪದರಕ್ಕೇ ಹೊಕ್ಕಿರುವ ಬಿಳಿ ಎಳೆ ಬೇರುಗಳು, ಎರೆಹುಳದ ಹಿಕ್ಕೆ. ಕೊಳೆತ ಸೊಪ್ಪು ಅಲ್ಯುಮಿನಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಹಾಗಾಗಿ ಪಿಎಚ್ ಅಷ್ಟೇ ಇದ್ದರೂ ಬೇರಿಗೆ ತೊಂದರೆ ಕಡಿಮೆ. ಜಂಬಿಟ್ಟಿಗೆ ಮಣ್ಣಿಗೆ ಪೋಷಕಾಂಶ ಹಿಡಿದಿಟ್ಟುಕೊಳ್ಳುವ ತಾಕತ್ತು ತೀರಾ ಕಮ್ಮಿ, ಆ ಕೆಲಸವನ್ನೂ ಸೊಪ್ಪೇ ಮಾಡುತ್ತದೆ.

ಸೊಪ್ಪಿನ ಸಮಸ್ಯೆ ಆಳು. ಬೆಟ್ಟ ಇದೆ, ಸೊಪ್ಪು ಇದೆ, ಕಡಿದು ಹೊತ್ತು ತರುವವರಿಲ್ಲ. ಬಯಲುಸೀಮೆಯಿಂದ ಲಾರಿಯಲ್ಲಿ ಬರುವ ಕುರಿ ಗೊಬ್ಬರ ಅನುಕೂಲವೇ, ಆದರೆ ಜೊತೆಗೆ ಮರಳೂ, ಪಾರ್ಥೇನಿಯಂ ಬೀಜವೂ ಉಚಿತ. ಕೋಳಿ ಗೊಬ್ಬರದಲ್ಲಿ ಸಾರಜನಕ ಜಾಸ್ತಿ, ಮೊಟ್ಟೆ ಕೋಳಿಯದ್ದಾದರೆ ಸುಣ್ಣದ ಅಂಶವೂ ಇರುತ್ತದೆ. ಚೆನ್ನಾಗಿ ಕಳಿತರೆ ಮಾತ್ರ ಹಾಕಬೇಕು, ಹಸಿಯಾಗಿ ಹಾಕಿದರೆ ಬೇರು ಸುಡುತ್ತದೆ. ಬಚ್ಚಲೊಲೆ ಬೂದಿ ಒಳ್ಳೆಯದೇ, ಆದರೆ ಎಷ್ಟು ಮರಕ್ಕೆ ಬಂದೀತು? ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸಿದ ನೀರು) ಹಾಕಿ ನೋಡಿದೆ, ಪಿಎಚ್ ವಿಷಯದಲ್ಲಿ ಏನೂ ಮಾಡುವುದಿಲ್ಲ. ಹುಳಿ ಹೋಗುತ್ತದೆ ಅಂತ ಜಿಪ್ಸಂ ಮಾರುವವರೂ ಇದ್ದಾರೆ. ಜಿಪ್ಸಂ ಚೌಳು ಭೂಮಿಗೆ. ಹುಳಿ ಮಣ್ಣಿನ ಪಿಎಚ್ ಅದರಿಂದ ಏರುವುದಿಲ್ಲ.

ನನ್ನ ತೀರ್ಮಾನ ಡೋಲೊಮೈಟ್ ಮತ್ತು ಸೊಪ್ಪು ಎರಡೂ ಸೇರಿದ ಸಾಲಿನ ಕಡೆಗೆ. ಅಲ್ಲಿ ಪಿಎಚ್ 5.7ಕ್ಕೆ ಬಂದು ನಿಂತಿದೆ, ಇಳಿಯುತ್ತಿಲ್ಲ. ಫಸಲು ಎಷ್ಟು ಹೆಚ್ಚಾಯಿತು ಅಂತ ಕೇಳಬೇಡಿ. ಒಂದು ವರ್ಷ ಕೊಳೆರೋಗ, ಇನ್ನೊಂದು ವರ್ಷ ಎಲೆಚುಕ್ಕೆ ರೋಗ ಬಂದರೆ ಸುಣ್ಣದ ಲೆಕ್ಕ ಗೊನೆಯಲ್ಲಿ ಕಾಣುವುದಿಲ್ಲ. ಬೇರು ಮತ್ತು ಸೋಗೆಯ ಬಣ್ಣ ನೋಡಿ ಹೇಳುತ್ತಿದ್ದೇನೆ.

ಹಾಕುವ ಕ್ರಮ ಮುಖ್ಯ. ಮೇ ತಿಂಗಳ ಅಡ್ಡಮಳೆ ಬಿದ್ದು ಮಣ್ಣು ಹಸಿಯಾದ ಮೇಲೆ ಬುಡದ ಸುತ್ತ ಡೋಲೊಮೈಟ್ ಎರಚಿ ಹಗುರವಾಗಿ ಕೊಚ್ಚುತ್ತೇವೆ. ರಾಸಾಯನಿಕ ಗೊಬ್ಬರಕ್ಕೂ ಅದಕ್ಕೂ ತಿಂಗಳ ಅಂತರ. ಯಾಕೆ ಅಂತ ನೋಡಬೇಕಿದ್ದರೆ ಒಂದು ಗೆರಟೆಯಲ್ಲಿ ಚಿಟಿಕೆ ಅಮೋನಿಯಂ ಸಲ್ಫೇಟ್, ಚಿಟಿಕೆ ಅರಳಿದ ಸುಣ್ಣ ಹಾಕಿ ಎರಡು ಹನಿ ನೀರು ಬಿಡಿ. ಮೂಗಿಗೆ ಚುರ್ ಅನ್ನುವ ವಾಸನೆ ಬರುತ್ತದಲ್ಲ, ಅದು ನಿಮ್ಮ ಸಾರಜನಕ ಹಾರಿಹೋಗುತ್ತಿರುವುದು. ಹಸಿ ಸಗಣಿ ಗೊಬ್ಬರದ ಜೊತೆ ಸುಣ್ಣ ಬೆರೆಸಿದರೂ ಇದೇ ಗತಿ. ರಾಕ್ ಫಾಸ್ಫೇಟ್ (ರಂಜಕದ ಕಲ್ಲಿನ ಪುಡಿ) ಕರಗಲು ಹುಳಿ ಬೇಕು. ಹಾಗಾಗಿ ಸುಣ್ಣ ಹಾಕಿದ ವರ್ಷ ಅದನ್ನು ಬಿಟ್ಟು, ಸುಣ್ಣವಿಲ್ಲದ ವರ್ಷ ಹಾಕುವುದು ನಮ್ಮ ರೂಢಿ.

ಚಿಪ್ಪು ಸುಣ್ಣ ತರುವುದನ್ನು ಬಿಟ್ಟಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ ಬೇಕೇ ಬೇಕು. ಅದಕ್ಕೆ ಡೋಲೊಮೈಟ್ ಆಗುವುದಿಲ್ಲ. ಉಳಿದದ್ದನ್ನು ಬಸಿಗಾಲುವೆ ಪಕ್ಕದ ತೀರಾ ಹುಳಿ ಮೂಲೆಗೆ ಹಾಕುತ್ತೇನೆ. ಅಲ್ಲಿ ಡೋಲೊಮೈಟ್ ಕರಗುವವರೆಗೆ ಕಾಯಲು ನನಗೆ ತಾಳ್ಮೆ ಇಲ್ಲ.